ಅಂಗಳಕ್ಕೊಂದು ಸಾಗವಾನಿ

ದಾಂಡೇಲಿಯಲ್ಲಿ ಮನೆ ಕಟ್ಟಿದವರಿಗೆ ಗಿಡ ನೆಡುವ ಹುಚ್ಚು ಯಾಕೆ ಹಿಡಿಯುತ್ತದೋ ಕಾಣೆ. ಊರು ದಾಟಿದರೆ ಕಾಳಿ ಹುಲಿ ಸಂರಕ್ಷಿತ ಪ್ರದೇಶ. ಮತ್ತಿ, ನಂದಿ, ಹೊನ್ನೆ ಎಲ್ಲ ಸರ್ಕಾರಿ ಖರ್ಚಿನಲ್ಲೇ ನಿಂತಿವೆ. ಆದರೂ ಗೃಹಪ್ರವೇಶದ ಮಾರನೇ ದಿನ ಯಜಮಾನರು ನರ್ಸರಿಯಲ್ಲಿ ಹಾಜರು. ಹಳಿಯಾಳದ ಕಡೆಯವರಾದರೆ ಬಾಯಿಗೆ ಮೊದಲು ಬರುವುದು ಸಾಗವಾನಿ. ‘ಮೊಮ್ಮಗಳ ಮದುವೆಗಾಯ್ತು’ ಎಂಬ ಲೆಕ್ಕ. ಕಡಿಯಲು ಅರಣ್ಯ ಇಲಾಖೆಯ ಅನುಮತಿ ಬೇಕೆಂಬುದು ಆ ಲೆಕ್ಕದಲ್ಲಿಲ್ಲ. ಅಲ್ಲಿಯವರೆಗೆ ಮನೆಮಂದಿಗೆ ಗುಡಿಸುವ ಯೋಗ. ಮೊರದಗಲದ ಒಣ ಎಲೆ ರಾತ್ರಿ ಉದುರಿದರೆ ನಾಯಿ ಎದ್ದು ಬೊಗಳುತ್ತದೆ.

ಗುಲ್‌ಮೊಹರ್ ಅಂತೂ ಬೇಡ. ಮಡಗಾಸ್ಕರ್ ಮೂಲದ ಆ ಸುಂದರಿ ಜೋಯಿಡಾದ ಮಳೆಗಾಳಿಗೆ ಕೊಂಬೆ ಮುರಿದು ಹೆಂಚಿನ ಮೇಲೆ ಮಲಗುತ್ತಾಳೆ. ಅತ್ತಿ ನೆಟ್ಟರೆ ಮಂಗಟ್ಟೆ ಹಕ್ಕಿ ಬಂದೀತೆಂಬ ಆಸೆ ಸರಿಯೇ. ಆದರೆ ಮಂಗಟ್ಟೆಗಿಂತ ಮೊದಲು ಮಂಗ ಬರುತ್ತದೆ.

ಹೂವಿನಲ್ಲಿ ಜಗಳ ಕಮ್ಮಿ. ಆಷಾಢದಲ್ಲಿ ಚೆಂಡುಹೂವಿನ ಬೀಜ ಹಾಕಿದರೆ ದಸರಾ, ದೀಪಾವಳಿಗೆ ಬುಟ್ಟಿ ತುಂಬುತ್ತದೆ. ಅದರ ತವರು ಮೆಕ್ಸಿಕೋ ಎಂದು ಅತ್ತೆಯವರಿಗೆ ಹೇಳಬೇಡಿ, ಲಕ್ಷ್ಮೀಪೂಜೆಗೆ ವಿಘ್ನವಾದೀತು. ಕರ್ಣಕುಂಡಲ ಇನ್ನೂ ಸಾಧು: ಬಲಿತ ಕಾಯಿ ಮುಟ್ಟಿದರೆ ಸಾಕು, ಪಟ್ಟೆಂದು ಸಿಡಿದು ಮುಂದಿನ ವರ್ಷದ ಬಿತ್ತನೆಯನ್ನೂ ತಾನೇ ಮುಗಿಸುತ್ತದೆ. ಮುಂಡಗೋಡದಲ್ಲಿ ಮಳೆ ಅಷ್ಟಿಲ್ಲ, ಅಲ್ಲಿ ಜೀನಿಯಾವೂ ಆದೀತು.

ನನ್ನನ್ನು ಕೇಳಿದರೆ, ಅಂಗಳಕ್ಕೆ ಒಂದು ಬಕುಳ, ಬಿಸಿಲು ಬೀಳುವ ಕಡೆ ಚೆಂಡುಹೂವು. ಸಸಿಯನ್ನು ಜೂನ್‌ನಲ್ಲೇ ನೆಡಿ, ದನ ಬಾಯಿ ಹಾಕದಂತೆ ಬೇಲಿ ಕಟ್ಟಿ.