ಏಕಗೃಹ-ಬಹುಭ್ರಾತೃಕ ಬಡ್ಡಿವಿಮೋಚನ ಮೀಮಾಂಸೆ

1. ಪೀಠಿಕೆ

ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯಲ್ಲಿ ಹೇರಳವಾಗಿ ಕಂಡುಬರುವ ‘ಒಂದು ಮನೆ, ಮೂರು ಒಲೆ’ ಎಂಬ ವಾಸ್ತುಪ್ರಭೇದವನ್ನು 2026ರ ಮಾರ್ಚ್‌ವರೆಗೆ ಜಾರಿಯಲ್ಲಿದ್ದ 1961ರ ಆದಾಯ ತೆರಿಗೆ ಕಾಯ್ದೆಯ 24(ಬಿ) ಕಲಂನ ಬೆಳಕಿನಲ್ಲಿ, ಬೆಳಕು ಸಾಲದ ಕಡೆ ಆಡಿಟರ ಬಾಯಿಮಾತಿನಲ್ಲಿ, ಪರಾಮರ್ಶಿಸುವುದು ಪ್ರಸ್ತುತ ಪ್ರಬಂಧದ ಘನೋದ್ದೇಶ. ಸದರಿ ಕಲಂ ಪ್ರಕಾರ ಸ್ವಂತ ವಾಸದ ಮನೆಸಾಲದ ಬಡ್ಡಿಯನ್ನು ವರ್ಷಕ್ಕೆ 2 ಲಕ್ಷ ರೂಪಾಯಿವರೆಗೆ ಆದಾಯದಿಂದ ಕಳೆಯಬಹುದಿತ್ತು. 26ನೇ ಕಲಂ ಇನ್ನೂ ಧಾರಾಳಿಯಾಗಿತ್ತು. ಸಹಮಾಲೀಕರ ಪಾಲು ನಿಶ್ಚಿತವೂ ನಿರ್ಣಯಸಾಧ್ಯವೂ ಆಗಿದ್ದರೆ ಒಬ್ಬೊಬ್ಬರಿಗೂ ಬೇರೆ ಬೇರೆ 2 ಲಕ್ಷ. ಇದನ್ನು ಅರಿತ ಕ್ಷಣದಲ್ಲೇ ಎಷ್ಟೋ ಅಣ್ಣತಮ್ಮಂದಿರಲ್ಲಿ ಭ್ರಾತೃಪ್ರೇಮ ಉಕ್ಕಿತೆಂಬುದು ಪ್ರಾಜ್ಞರ ಮತ.

2. ವರ್ಗೀಕರಣ

ಗೃಹಸದಸ್ಯರು ಏಳು ವಿಧ.

(ಅ) ಋಣಧಾರಕ: ಕಂತು ಕಟ್ಟುವವನು. ಮೈಸೂರಲ್ಲೋ ಬೆಂಗಳೂರಲ್ಲೋ ಸಂಬಳಕ್ಕಿದ್ದು, ಹಬ್ಬಗಳಲ್ಲಿ ಮಾತ್ರ ದೃಗ್ಗೋಚರ.

(ಆ) ನಾಮಧಾರಕ: ಖಾತೆಯಲ್ಲಿ ಹೆಸರಿರುವವನು. ಬಹುಪಾಲು ದಿವಂಗತ.

(ಇ) ವಾಸಧಾರಕ: ಸೋರುವ ಹೆಂಚು ತಿರುವಿ ಹೊದಿಸುವವನು, ಅವ್ವನನ್ನು ಆಸ್ಪತ್ರೆಗೆ ಕರೆದೊಯ್ಯುವವನು. ಚೆಂಡುಹೂವಿನ ರೇಟು ಬಿದ್ದ ವರ್ಷ ಇವನೂ ಬೀಳುತ್ತಾನೆ. ಕೃಷಿ ಆದಾಯಕ್ಕೆ ಈ ತೆರಿಗೆಯೇ ಇಲ್ಲವಾದ್ದರಿಂದ ಇವನಿಗೆ ವಿನಾಯಿತಿಯ ಭಾಗ್ಯವೂ ಇಲ್ಲ.

ಉಳಿದ ನಾಲ್ಕು ವಿಧದವರು ಪಾಲುಪಟ್ಟಿಯ ದಿನ ಮಾತ್ರ ಉದ್ಭವಿಸುವುದರಿಂದ ಬಿಟ್ಟುಬಿಟ್ಟಿದ್ದೇನೆ.

3. ತ್ರಿಮೂರ್ತ್ಯೈಕ್ಯ ಸಿದ್ಧಾಂತ

ಬಡ್ಡಿವಿಮೋಚನೆ ಪೂರ್ತಿ ದಕ್ಕಬೇಕಾದರೆ ಮಾಲೀಕನೂ ಸಾಲಗಾರನೂ ಕಂತು ಕಟ್ಟುವವನೂ ಒಬ್ಬನೇ ಆಗಿರತಕ್ಕದ್ದು. ಅಪ್ಪನ ಹೆಸರಿನ ಸೈಟಿನಲ್ಲಿ ಮಗ ತನ್ನ ಸಂಬಳದಿಂದ ಕಂತು ಕಟ್ಟುತ್ತಿದ್ದರೆ ಅದು ಪಿತೃಭಕ್ತಿಯೇ ಹೊರತು ವಿನಾಯಿತಿಗೆ ಆಧಾರವಲ್ಲ. ಅಪ್ಪ ತೀರಿಕೊಂಡಿದ್ದರೆ ಪೌತಿ ಖಾತೆ, ಅದಕ್ಕೆ ಮರಣ ಪ್ರಮಾಣಪತ್ರ, ನಾಡಕಚೇರಿಯ ವಂಶವೃಕ್ಷ, ಹಳ್ಳಿಯಾದರೆ ಇ-ಸ್ವತ್ತು. ಇಷ್ಟಾದ ಮೇಲೆ ಲೆಕ್ಕ. 40 ಲಕ್ಷದ ಸಾಲಕ್ಕೆ ಶೇ 9ರಂತೆ ಮೊದಲ ವರ್ಷದ ಬಡ್ಡಿ ಹತ್ತಿರಹತ್ತಿರ 3.6 ಲಕ್ಷ. ಒಬ್ಬನೇ ಮಾಲೀಕನಾದರೆ 2 ಲಕ್ಷಕ್ಕೆ ನಿಲ್ಲುತ್ತದೆ, 1.6 ಲಕ್ಷ ನೀರುಪಾಲು. ಸಂಬಳವಿರುವ ಇಬ್ಬರು ಅಣ್ಣತಮ್ಮಂದಿರು ಸಮಪಾಲಿನವರಾದರೆ ತಲಾ 1.8 ಲಕ್ಷ, ಶೇ 20ರ ಹಂತದಲ್ಲಿ ಹೆಚ್ಚುವರಿ ಉಳಿತಾಯ, ಸೆಸ್ ಸೇರಿ, ಸುಮಾರು 33 ಸಾವಿರ.

4. ನಿಶ್ಚಿತೀಕರಣ ವಿಧಿ

ಅಣ್ಣತಮ್ಮಂದಿರ ಈ ಅರ್ಧಪಾಲು ನಿಶ್ಚಿತವಾಗಲು ಇಬ್ಬರೇ ಉಳಿಯಬೇಕು. ವಂಶವೃಕ್ಷದಲ್ಲಿ ತಂಗಿಯ ಹೆಸರೂ ಇದೆ. ಪಿತ್ರಾರ್ಜಿತದಲ್ಲಿ ಸಮಪಾಲನ್ನು ಕರ್ನಾಟಕ 1994ರಲ್ಲೇ, ಆಗ ಮದುವೆಯಾಗಿರದ ಹೆಣ್ಣುಮಕ್ಕಳಿಗೆ, ಕೊಟ್ಟಿತ್ತು. 2005ರಲ್ಲಿ ಕೇಂದ್ರದ ತಿದ್ದುಪಡಿ ಎಲ್ಲ ಹೆಣ್ಣುಮಕ್ಕಳಿಗೂ ಕೊಟ್ಟಿತು. ನಮ್ಮಲ್ಲಿ ಅದಕ್ಕೆ ಉತ್ತರ ಸಿದ್ಧವಿದೆ: ಹಕ್ಕು ಬಿಡುಗಡೆ ಪತ್ರ. ಸಬ್‌ರಿಜಿಸ್ಟ್ರಾರ್ ಕಚೇರಿಯ ಜಗಲಿ, ಒಂದು ಸೀರೆ, ಹೋಟೆಲಿನಲ್ಲಿ ಊಟ, “ತವರ ಬಾಗ್ಲು ಯಾವತ್ತೂ ತಗ್ದೇ ಇರ್ತದ ಕನವ್ವ” ಎಂಬ ಅಣ್ಣನ ಮಾತು. ಮುಗಿಯಿತು. ಅಪ್ಪ ಆ ಸೈಟು ಕೊಂಡ ದುಡ್ಡಿನಲ್ಲಿ, ಶಾಲೆ ಬಿಟ್ಟು ಅರಿಸಿನ ಬೇಯಿಸಲು ಹೋದ ಹುಡುಗಿಯ ಕೂಲಿಯೂ ಇತ್ತಲ್ಲ, ಅದು ಶೇಕಡಾ ಎಷ್ಟು? ಯಾವ ಕಲಂ, ಯಾವ ಉಪಕಲಂ? ಹೇಳಿ, ಬರೆದುಕೊಳ್ಳುತ್ತೇನೆ. ವರ್ಷಕ್ಕೆ 33 ಸಾವಿರ ಉಳಿಸಲು ಅವಳ ಹೆಬ್ಬೆಟ್ಟಿಗೆ ಮಸಿ ಬಳಿದ ಕೈಗೆ ಅದೇ ಸಂಜೆ ಅವಳಿಂದಲೇ ಕಾಫಿ ಲೋಟ ತೆಗೆದುಕೊಳ್ಳಲು ನಾಚಿಕೆಯಾಗಲಿಲ್ಲ.

ಪ್ರಬಂಧಕ್ಕೆ ಬರೋಣ.

5. ಉಪಲಬ್ಧಿ

2023-24ರಿಂದ ತಾನೇತಾನಾಗಿ ಅನ್ವಯಿಸುವುದು ಹೊಸ ತೆರಿಗೆ ಪದ್ಧತಿ. ಅದರಲ್ಲಿ ಸ್ವಂತ ವಾಸದ ಮನೆಯ ಬಡ್ಡಿಗೆ ವಿನಾಯಿತಿ ಸೊನ್ನೆ. 2025-26ರಿಂದ ಸಂಬಳದಾರರಿಗೆ 12.75 ಲಕ್ಷದವರೆಗೆ ತೆರಿಗೆಯೂ ಸೊನ್ನೆ. ನಮ್ಮ ಉದಾಹರಣೆಯ ಅಣ್ಣತಮ್ಮಂದಿರಿಬ್ಬರ ಸಂಬಳವೂ ಅದರೊಳಗೇ ಇದೆ. ಉಳಿಸಲು ತೆರಿಗೆಯೇ ಇಲ್ಲ. ಆದರೂ ಹಳೆಯ ಪದ್ಧತಿಯೇ ಬೇಕೆನ್ನುವ ಸಂಬಳದಾರರು ವರ್ಷವರ್ಷವೂ ಆಯ್ಕೆ ಬದಲಿಸಿಕೊಳ್ಳಬಹುದು. ಹಕ್ಕು ಬಿಟ್ಟ ತಂಗಿಗೆ ಅಂಥ ಆಯ್ಕೆಯ ಫಾರಂ ಇನ್ನೂ ಅಚ್ಚಾಗಿಲ್ಲ.