80 ಪರ್ಸೆಂಟ್ ರಾಯರು

ಹತ್ತು ಜನರಿರುವ ಆಫೀಸಿನಲ್ಲಿ ಒಬ್ಬರಾದರೂ ಬ್ಯಾಟರಿ ರಾಯರು ಇದ್ದೇ ಇರುತ್ತಾರೆ. ಮಾತಾಡುವಾಗಲೂ ಅವರ ಕಣ್ಣು ನಮ್ಮ ಮುಖದ ಮೇಲಿರುವುದಿಲ್ಲ, ಲ್ಯಾಪ್‌ಟಾಪಿನ ಮೂಲೆಯಲ್ಲಿರುವ ಪುಟ್ಟ ಬ್ಯಾಟರಿ ಚಿತ್ರದ ಮೇಲಿರುತ್ತದೆ. ಅದು ತುಂಬಿತೋ, "ಫುಲ್ ಆಗಿದೆ ತೆಗೀರಿ ಸಾರ್, ಊದ್ಕೊಂಡ್‌ಬಿಡುತ್ತೆ" ಎನ್ನುತ್ತ, ನಾವು ಕೈ ಎತ್ತುವ ಮೊದಲೇ ಗೋಡೆಯ ಸ್ವಿಚ್ಚನ್ನು ಟಪ್ಪೆಂದು ಆರಿಸಿರುತ್ತಾರೆ. ಮುಂದೆ ಮೀಟಿಂಗಿನ ನಡುವೆ ಪರದೆ ಕಪ್ಪಾದರೆ ಅದು ನಮ್ಮ ಹಣೆಬರಹ. ತಮ್ಮ ಲ್ಯಾಪ್‌ಟಾಪನ್ನು 20ಕ್ಕೆ ಇಳಿಸುವುದು, 80ಕ್ಕೆ ಏರಿಸಿ ಪಿನ್ ಕೀಳುವುದು, ಮತ್ತೆ ಇಳಿಸುವುದು ಅವರ ನಿತ್ಯಕರ್ಮ. ತಿಂಗಳಿಗೊಮ್ಮೆ ಸೊನ್ನೆಗೆ ತಂದು ನಿಟ್ಟುಪವಾಸ ಮಾಡಿಸುತ್ತಾರೆ. ಹೊಸ ಲ್ಯಾಪ್‌ಟಾಪ್ ಕೊಂಡವರಿಗೆ ಮೊದಲ ದಿನ ಎಂಟು ಗಂಟೆ ಚಾರ್ಜ್ ಮಾಡುವ ವ್ರತ ವಿಧಿಸುವವರೂ ಇವರೇ.

ರಾಯರ ಕಾಳಜಿಯ ಬಗ್ಗೆ ನನಗೆ ತಕರಾರಿಲ್ಲ. ಉಳಿಸುತ್ತಿದ್ದೇನೆ ಎಂದುಕೊಂಡು ಅವರು ಸವೆಸುತ್ತಿದ್ದಾರಲ್ಲ, ತಕರಾರು ಅದಕ್ಕೆ. ಉಪವಾಸ, ಎಂಟು ಗಂಟೆಯ ವ್ರತ ಎಲ್ಲವೂ ನಿಕಲ್-ಕ್ಯಾಡ್ಮಿಯಂ ಬ್ಯಾಟರಿಗಳ ಕಾಲದ ಶಾಸ್ತ್ರ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿರುವ ಲಿಥಿಯಂ-ಅಯಾನ್ ಬ್ಯಾಟರಿ 1991ರಲ್ಲೇ ಸೋನಿ ಕಂಪನಿಯ ಮೂಲಕ ಮಾರುಕಟ್ಟೆಗೆ ಬಂತು. ಅದಕ್ಕೆ ಅಡಿಪಾಯ ಹಾಕಿದ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೊಶಿನೊ ಅವರಿಗೆ 2019ರಲ್ಲಿ ನೊಬೆಲ್ ಕೂಡ ಬಂತು. ರಾಯರಿಗೆ ಮಾತ್ರ ಸುದ್ದಿ ಮುಟ್ಟಿಲ್ಲ. ಈ ಬ್ಯಾಟರಿಗೆ ಸೊನ್ನೆಗಿಳಿಯುವುದೇ ಸಂಕಟ. ತುಂಬಿದ ಮೇಲೆ ಚಾರ್ಜ್ ತಾನಾಗಿಯೇ ನಿಲ್ಲುತ್ತದೆ, ಲ್ಯಾಪ್‌ಟಾಪ್ ಅಡಾಪ್ಟರ್ ಕರೆಂಟಿನಲ್ಲಿ ನಡೆಯುತ್ತದೆ. ಪಿನ್ ಕಿತ್ತರೆ ಆ ಕೆಲಸವನ್ನು ಬ್ಯಾಟರಿಯೇ ಮಾಡಬೇಕು. ಎರಡು ಸಲ ಅರ್ಧರ್ಧ ಖಾಲಿಯಾದರೆ ಒಂದು ಸೈಕಲ್ ಮುಗಿದ ಲೆಕ್ಕ. ಇಂಥ ಕೆಲವು ನೂರು ಸೈಕಲ್‌ಗಳಲ್ಲಿ ಬ್ಯಾಟರಿಯ ತಾಕತ್ತು ಕುಗ್ಗುತ್ತದೆ. ಪಕ್ಕದಲ್ಲೇ ಪ್ಲಗ್ ಇದ್ದೂ ದಿನವಿಡೀ ಇಳಿಸಿ ಏರಿಸುವ ರಾಯರು ಆ ಲೆಕ್ಕವನ್ನು ತಾವೇ ಬೇಗ ಬೇಗ ತೀರಿಸುತ್ತಿದ್ದಾರೆ.

ಹಾಗಾದರೆ ಊದಿಕೊಳ್ಳುವುದು ಸುಳ್ಳೇ ಎಂದು ಅವರು ಕೇಳುತ್ತಾರೆ. ಸುಳ್ಳಲ್ಲ. ತುಂಬಿದ ಬ್ಯಾಟರಿ ತಿಂಗಳುಗಟ್ಟಲೆ ಬಿಸಿಯಲ್ಲಿದ್ದರೆ ಒಳಗಿನ ದ್ರಾವಣ ಕೆಟ್ಟು ಅನಿಲ ಕಟ್ಟಿಕೊಳ್ಳಬಹುದು. 80ಕ್ಕೆ ನಿಲ್ಲಿಸುವುದು ಒಳ್ಳೆಯದೆಂಬ ಅವರ ಮಾತೂ ನಿಜವೇ. ಆದರೆ ಅದಕ್ಕೆ ಈಗ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಸೆಟ್ಟಿಂಗ್ ಇದೆ; ಒಮ್ಮೆ ಒತ್ತಿದರೆ ಸಾಕು, ಕಾವಲುಗಾರ ಬೇಡ. ಇನ್ನು ಬಿಸಿಯ ವಿಷಯ. ಇಷ್ಟೆಲ್ಲ ಜಾಗ್ರತೆಯ ರಾಯರು ಮನೆಗೆ ಹೋದಮೇಲೆ ಲ್ಯಾಪ್‌ಟಾಪನ್ನು ಇಡುವುದು ಹತ್ತಿಯ ಹಾಸಿಗೆಯ ಮೇಲೆ, ಗಾಳಿಕಿಂಡಿ ಮುಚ್ಚುವಂತೆ. ಏಪ್ರಿಲ್ ಬಿಸಿಲಲ್ಲಿ ನಿಂತ ಕಾರಿನೊಳಗೂ ಅದನ್ನು ಬಿಟ್ಟು ಹೋಗುತ್ತಾರೆ. "ನನ್ನದು ಆರು ವರ್ಷದಿಂದ ಹಾಗೇ ಇದೆ" ಎಂಬ ಅವರ ಕೊನೆಯ ಅಸ್ತ್ರಕ್ಕೂ ಉತ್ತರವಿದೆ. ಹೊರಗೆ ಹಾಗೇ ಕಂಡರೂ ಒಳಗೆ ಹಾಗೇ ಇರುವುದಿಲ್ಲ; ಬಳಸದಿದ್ದರೂ ಬ್ಯಾಟರಿಗೆ ವಯಸ್ಸಾಗುತ್ತದೆ, ಟ್ರಂಕಿನಲ್ಲಿ ಜೋಪಾನ ಮಾಡಿದ ರೇಷ್ಮೆ ಸೀರೆ ಮಡಿಕೆಯಲ್ಲೇ ಹರಿಯುವ ಹಾಗೆ.

ಇಷ್ಟು ಬರೆದ ಮೇಲೆ ಒಂದು ಮಾತು ಅವರ ಪರವಾಗಿಯೂ ಹೇಳಬೇಕು. ಟ್ರಾನ್ಸಿಸ್ಟರ್ ರೇಡಿಯೋದ ಸೆಲ್ಲುಗಳನ್ನು ಬಿಸಿಲಿಗಿಟ್ಟು ಇನ್ನೆರಡು ದಿನ ವಾರ್ತೆ ಕೇಳಿದ ಮನೆಗಳಿಂದ ಬಂದವರು ಅವರು. ಹಿಂದೆ ಲ್ಯಾಪ್‌ಟಾಪ್ ಬ್ಯಾಟರಿಯನ್ನು ಚಿಲಕ ಸರಿಸಿ ಕೈಯಲ್ಲೇ ತೆಗೆಯಬಹುದಿತ್ತು. ಈಗ ಅದು ಸ್ಕ್ರೂಗಳ ಹಿಂದೆ, ಎಷ್ಟೋ ಸಲ ಅಂಟಿನ ಮೇಲೆ ಕೂತಿದೆ. ಬದಲಿಸಲು ಹೋದರೆ ಸಾವಿರಗಳ ಲೆಕ್ಕ. ಆ ದರ ಕೇಳಿದವರಿಗೆ ರಾಯರ ಹುಚ್ಚು ಅಷ್ಟೇನೂ ಹುಚ್ಚೆನಿಸದು: ಇಡೀ ಯಂತ್ರದಲ್ಲಿ ಮಾಲೀಕನ ಕೈಗೆ ಉಳಿದಿರುವುದು ಆ ಪಿನ್ನೊಂದೇ. ಸೆಟ್ಟಿಂಗ್ ತೋರಿಸಿಕೊಟ್ಟರೆ ಅವರು ಕಲಿಯುತ್ತಾರೆ ಕೂಡ. ಕಲಿತ ಮೇಲೆ ಮೇಜಿನಿಂದ ಮೇಜಿಗೆ ಹೋಗಿ, ಕೇಳದೆಯೇ ಎಲ್ಲರ ಲ್ಯಾಪ್‌ಟಾಪಿನಲ್ಲೂ ಅದನ್ನು ಒತ್ತಿ ಬರುತ್ತಾರೆ ಎಂಬುದೊಂದೇ ತೊಂದರೆ.