ಹಾಲಿ ವಸ್ತಿ

ವರ್ಗಾವಣೆಯ ನೌಕರಿ ನನ್ನದು. ಬಸವನ ಬಾಗೇವಾಡಿ, ಮುದ್ದೇಬಿಹಾಳ, ಸಿಂದಗಿ ಮುಗಿಸಿ ಈಗ ಇಂಡಿಗೆ ಬಂದಿದ್ದೇನೆ. ಊರು ನಾಲ್ಕಾದರೂ ಮನೆ ಮಾಲಕರು ಒಬ್ಬರೇ ಏನೋ ಎಂಬ ಗುಮಾನಿ ನನಗೆ. ಅದೇ ಪಡಸಾಲೆ ಕುರ್ಚಿ, ಮೂಗಿನ ತುದಿಗೆ ಇಳಿದ ಚಾಳೀಸು, ನಿವೃತ್ತಿಯಾದರೂ ಕಿಸೆ ಬಿಡದ ಕೆಂಪು ಪೆನ್ನು. ಮಾಂಸ ತಿನ್ನುತ್ತೀರಾ ಎಂದು ನೇರ ಕೇಳುವ ಪೈಕಿ ಅಲ್ಲ, "ಅಡಗಿ ಹೆಂಗ ಮಾಡ್ತೀರಿ?" ಅನ್ನುತ್ತಾರೆ. ಅದು ದಾಟಿದರೆ, "ಹಾಲಿ ವಸ್ತಿ? ಪುರಾವೆ?"

ಇಂಡಿಯ ಮಾಲಕರು ಅಂಗಳದ ನಿಂಬೆಹಣ್ಣಿನ ಶರಬತ್ತು ಕೊಟ್ಟು ನನ್ನ ಕಾಗದ ಹರವಿಕೊಂಡರು. ಆಧಾರಿನಲ್ಲಿ ತಾ॥ ಬಸವನ ಬಾಗೇವಾಡಿ, ಜಿ॥ ಬಿಜಾಪುರ. ಮತದಾರರ ಚೀಟಿಯಲ್ಲಿ ತಾ॥ ಕೊಲ್ಹಾರ, ಜಿ॥ ವಿಜಯಪುರ.

"ಎರಡೂರಿನಾವ್ರು ಅದೀರಲ್ರೀ!"

ಜಿಲ್ಲೆಯ ಹೆಸರು 2014ರ ನವೆಂಬರ್ 1ಕ್ಕೆ ಬದಲಾಯಿತು, ಕೊಲ್ಹಾರ 2018ರಲ್ಲಿ ತಾಲೂಕಾಯಿತು, ನಾವು ಕುಂತಲ್ಲೇ ಕುಂತಿದ್ದೆವು ಎಂದೆ. ತಲೆದೂಗಿದರು. ಹಾಗಾದರೆ ಮೂಲ ಮನೆಯ ಉತಾರೆ ತೋರಿಸಿ ಅಂದರು. ಮೂಲ ಮನೆ ಹಳೇ ಕೊಲ್ಹಾರದ್ದು, ಆಲಮಟ್ಟಿ ಹಿನ್ನೀರಿನೊಳಗಿದೆ. ಪಂಚನಾಮೆ ಮೀನುಗಳೇ ಮಾಡಬೇಕು. ಅದನ್ನೂ ಹೇಳಿದೆ.

ಮಾಲಕರು ತುಸು ಯೋಚಿಸಿ, "ಅಷ್ಟು ನೀರಾಗ ಐತಿ ಅಂತೀರಿ, ನೀರಿನ ಬಿಲ್ಲರೆ ಇರಬೇಕಲ್ರೀ?"

ಸಿಂದಗಿ ಮನೆಯ ಲೈಟ್ ಬಿಲ್ಲು ಕೊಟ್ಟೆ. ಅದು ಅಲ್ಲಿನ ಮಾಲಕರ ತಂದೆಯ ಹೆಸರಿನಲ್ಲಿತ್ತು.

"ಇವ್ರೆಲ್ಲಿ ಅದಾರ?"

"ತೀರಿಕೊಂಡಾರ್ರಿ."

"ಸತ್ತವ್ರ ಸಹಿ ಯಾರ ಮಾಡ್ತಾರ್ರೀ?" ಕೆಂಪು ಪೆನ್ನು ಹೊರಬಂತು. ಬಿಲ್ಲಿನ ಮೇಲೊಂದು ಪ್ರಶ್ನಾರ್ಥಕ ಚಿಹ್ನೆ ಬಿತ್ತು.

ಕೊನೆಗೆ ಕೆಲಸ ಮಾಡಿದ್ದು ಕಾಗದವಲ್ಲ. ಮಾತಿಗೆ ಮಾತು ಬಂದು ನಮ್ಮ ಸೋದರಮಾವ ಅವರ ಬೀಗರ ಗೆಳೆಯ ಎಂದು ಗೊತ್ತಾಯಿತು. ಈ ಕಡೆ ಅದಕ್ಕಿಂತ ದೊಡ್ಡ ವಿಳಾಸವಿಲ್ಲ. ಬಾಂಡ್ ಪೇಪರು ಬಂತು, ಹನ್ನೊಂದು ತಿಂಗಳಿನ ಕರಾರು. ವರ್ಷ ದಾಟಿದರೆ ನೋಂದಣಿ ಮಾಡಿಸಬೇಕಲ್ಲ, ಅಷ್ಟು ಪುರಾವೆ ಮಾಲಕರಿಗೂ ಬೇಡ. "ಹಾಲಿ ವಸ್ತಿ" ಎಂಬಲ್ಲಿ ಏನು ಬರೆಯುವುದೆಂದು ಇಬ್ಬರೂ ಮುಖ ನೋಡಿಕೊಂಡೆವು. ನಾನಿನ್ನೂ ಹೊಕ್ಕಿರದ ಅವರ ಮನೆಯನ್ನೇ ಬರೆಸಿದರು.

ಹೋದ ವಾರ ಗ್ಯಾಸಿನವರು ವಿಳಾಸದ ಪುರಾವೆ ಕೇಳಿದರು. ಮಾಲಕರು ಕಪಾಟು ತೆಗೆದು ಈ ಮನೆಯ ಲೈಟ್ ಬಿಲ್ಲು ತಂದುಕೊಟ್ಟರು. ಮೀಟರು ಅವರ ಮುತ್ಯಾನ ಹೆಸರಿನಲ್ಲಿದೆ.